ಒಣಮೀನಿಗೆ ಐಸು ಬೇಡ

ಗಂಗೊಳ್ಳಿ, ಮಂಗಳವಾರ

ದೊಡ್ಡಮ್ಮನಿಗೆ ಶಾರ್ವರಿಯ ನಮಸ್ಕಾರ.

ಚಿತ್ರದುರ್ಗ ಬಿಟ್ಟು ಹತ್ತು ದಿನವಾಯಿತು. ಇಲ್ಲಿ ಮೀನು ಕೊಳ್ಳುವವರಿಗೆ, ಐಸಿಗೆ, ಟೆಂಪೋಗೆ ಬೇರೆ ಬೇರೆ ವೆಬ್ ಸೇವೆಗಳಿವೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಹೋದ ವಾರ ಇದರಿಂದಲೇ ಮೀನು ವ್ಯಾಪಾರದ ವನಜಕ್ಕನ ಆರು ಬುಟ್ಟಿ ಬೈಗೆ ಎಂಬ ಮೀನು ಗಿರಾಕಿ ಸಿಗದೆ ಕೆಟ್ಟುಹೋಯಿತು. ಯಾವ ಪದಕ್ಕೆ ಏನರ್ಥ, ಯಾವುದಕ್ಕೆ ಯಾವುದು ಸಂಬಂಧ ಎಂದು ಆ ಸೇವೆಗಳಿಗೆ ಬರೆದುಕೊಡುವುದು ನನ್ನ ಕೆಲಸ. ಅದನ್ನು ಆಂಟಾಲಜಿ ಎನ್ನುತ್ತೇವೆ.

ಮೊನ್ನೆ ಅದನ್ನು ವನಜಕ್ಕನಿಗೆ ತೋರಿಸಿದೆ. ಮೀನಿಗೆ ಐಸು ಬೇಕು ಎಂದು ನಾನು ಬರೆದಿದ್ದರಿಂದ ಐಸಿನ ಸೇವೆ ಅವರ ಒಣಮೀನಿನ ಮೂಟೆಗಳಿಗೂ ಐಸು ಕಾದಿರಿಸಿತು.

“ಒಣ್ಗಿದ್ ಮೀನಿಗೆ ಐಸ್ ಎಂತಕೆ ಮಗಾ? ಇಲ್ ಕೂಕೋ, ನಾ ಹೇಳ್ತೆ” ಎಂದರು.

ಎರಡು ತಾಸು ಬಿಡಿಸಿ ಹೇಳಿದರು. ಹಸಿಮೀನಿನ ದಾರಿ ಬೇರೆ, ಒಣಮೀನಿನ ದಾರಿ ಬೇರೆ. ಇವರ ಬೈಗೆಯನ್ನೇ ಬ್ರಹ್ಮಾವರದ ಕಡೆ ತುಳು ಆಡುವವರು ಭೂತಾಯಿ ಎನ್ನುತ್ತಾರಂತೆ. ಎಲ್ಲವನ್ನೂ ಆಂಟಾಲಜಿಯಲ್ಲಿ ಬರೆದು ಸೇರಿಸಿದೆ. ಇಷ್ಟು ಚೆನ್ನಾಗಿ ಕಲಿಸುವವರು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಇವತ್ತು ಬೆಳಿಗ್ಗೆ ಬ್ರಹ್ಮಾವರದವರೊಬ್ಬರು ಭೂತಾಯಿ ಕೇಳಿದ್ದೇ ತಡ, ವನಜಕ್ಕನ ಬೈಗೆ ಸಿಕ್ಕಿತು, ಐಸು ಬಂತು, ಟೆಂಪೋವೂ ಬಂತು. ಬಿಸಿಲೇರುವ ಮೊದಲೇ ಬುಟ್ಟಿ ಖಾಲಿ.

“ಈಗ ಅದ್ಕೆ ಬುದ್ಧಿ ಬಂತ್ ಕಾಣ್” ಎಂದು ನಕ್ಕರು.

ನನ್ನ ಕೆಮ್ಮು ವಾಸಿಯಾಗಿದೆ, ಕಷಾಯದ ಪುಡಿ ಕಳಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಆಂಟಾಲಜಿಯಲ್ಲಿ ಕೆಲಸ ಮಾಡಿದವರ ಹೆಸರು ಹಾಕುವ ಕಡೆ ವನಜಕ್ಕನ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಬರೆದಿದ್ದೇನೆ.

ಶಾರ್ವರಿ