ಏಡಿಗೆ ಡೀಸೆಲ್ ತುಂಬಿಸಬೇಕೆಂಬ ಪಾಠವನ್ನು ಓದಿದ ಒಬ್ಬಳೇ ಹುಡುಗಿ

ಮಕ್ಕಳ ಓದಿನ ಮಟ್ಟ ಅಳೆಯುವ ಕಚೇರಿಯ ಮೇಲ್ವಿಚಾರಕರೇ,

ನಮ್ಮ ಹೈಸ್ಕೂಲಿನ ಹನ್ನೊಂದನೇ ತರಗತಿಯ ಮರಿವಿಕ್ ತಬುಗಾಳಿಗೆ ಓದಲು ಬರುವುದಿಲ್ಲವೆಂದು ತಾವು ಕಾಗದ ಕಳಿಸಿದಿರಿ. ವಿಮರ್ಶಾತ್ಮಕ ಓದಿನ ತರಗತಿಯಿಂದ ಅವಳನ್ನು ಎಬ್ಬಿಸಿ, ಮೂರನೇ ತರಗತಿಯ ಮಕ್ಕಳ ಜೊತೆ ಅಕ್ಷರದ ಚೀಟಿ ಓದಲು ಕೂರಿಸಲಾಯಿತು. ಆ ಕಾಗದ ಸುಳ್ಳು. ಸುಳ್ಳಿನ ಮೂಲಪುರುಷ ನಾನು. ತಮ್ಮ ಪಾಲೂ ಇದೆ, ಅದನ್ನು ವಿನಯಪೂರ್ವಕ ನಿವೇದಿಸಿಕೊಳ್ಳುತ್ತೇನೆ.

ತಮ್ಮ ಪರೀಕ್ಷೆಯಲ್ಲಿ ಗೆಲ್ಲುವ ವಿದ್ಯೆ ನಮಗೆ ಚೆನ್ನಾಗಿ ಕರಗತವಾಗಿದೆ. ಮೊದಲು ಪ್ರಶ್ನೆ ನೋಡಬೇಕು, ಅದರಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಬೇಕು, ಪಕ್ಕದಲ್ಲಿರುವುದಕ್ಕೆ ಗುರುತು ಹಾಕಬೇಕು. ಪಾಠ ಓದುತ್ತಾ ಕೂರುವುದು ಕಾಲಹರಣ. ಈ ಸಲ ತಾವು ಕಳಿಸಿದ ಒಂದೇ ಪ್ರತಿ ಮಸುಕಾಗಿದ್ದರಿಂದ, ಅದನ್ನು ಮತ್ತೆ ಟೈಪ್ ಮಾಡುವ ಘನಕಾರ್ಯವನ್ನು ನಮ್ಮ ಮೇಷ್ಟ್ರು ಸರ್ ವೆನ್ಸೆಸ್ ನನಗೆ ವಹಿಸಿದರು. ನಾನು ತಮಾಷೆಗೆಂದು ಏಡಿಯ ಪಾಠದೊಳಗೆ ಜೀಪ್ನಿ ಬಸ್ಸಿನ ಎಂಜಿನ್ನಿನ ಪಾಠವನ್ನು ಬೆರೆಸಿದೆ. ಮೂರನೇ ಸಾಲಿನಲ್ಲಿ ಏಡಿ ಮೊಟ್ಟೆಯಿಡುತ್ತದೆ, ನಾಲ್ಕನೆಯದರಲ್ಲಿ ಅದಕ್ಕೆ ಡೀಸೆಲ್ ತುಂಬಿಸಬೇಕು. ಪ್ರಶ್ನೆಗಳನ್ನು ಮಾತ್ರ ಮುಟ್ಟಲಿಲ್ಲ. ಯಾರಾದರೂ ಕಿಸಕ್ಕನೆ ನಕ್ಕೇ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ನಾನೂ ಸೇರಿ ನಲವತ್ತೆರಡು ಜನ ಹತ್ತಕ್ಕೆ ಹತ್ತು ತೆಗೆದೆವು.

ಮರಿವಿಕ್‌ಗೆ ಸೊನ್ನೆ. ಒಂದಕ್ಕೂ ಗುರುತು ಹಾಕದೆ ಪಾಠದ ಕೆಳಗೆ ಬರೆದಿದ್ದಳು: "ಸರ್, ನಾಲ್ಕು ಸಲ ಓದಿದೆ. ಏಡಿ ಎಲ್ಲಿ ಹೋಯಿತು ತಿಳಿಯಲಿಲ್ಲ." ತಾವು ಓದುಗರನ್ನು ಮೂರು ಮಟ್ಟಗಳಾಗಿ ವಿಂಗಡಿಸಿದ್ದೀರಿ, ಕೊನೆಯದಕ್ಕೆ 'ಹತಾಶೆಯ ಮಟ್ಟ' ಎಂದು ಹೆಸರಿಟ್ಟಿದ್ದೀರಿ. ಯಾರ ಹತಾಶೆ ಎಂಬುದನ್ನು ಎಲ್ಲೂ ವಿವರಿಸಿಲ್ಲ. ಅವಳನ್ನು ಅಲ್ಲಿಗೆ ತಳ್ಳಿ, ನಮಗೆ ಪ್ರಶಸ್ತಿಪತ್ರ ಕಳಿಸಿದಿರಿ. ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಆ ಪಾಠವನ್ನು ಓದಿದ್ದರೆ?

ಸರ್ ವೆನ್ಸೆಸ್ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಏನೂ ಬರೆದಿರದ ಹಲಗೆಯನ್ನು ಒರೆಸುತ್ತಾ ನಿಂತರು. "ಫಲಿತಾಂಶ ಹೋಗಿಬಿಟ್ಟಿದೆ ತಮ್ಮಾ. ಈಗ ಹೇಳಿದ್ರೆ ಎಲ್ಲರದ್ದೂ ರದ್ದಾಗುತ್ತೆ. ಒಬ್ಬಳಿಗೋಸ್ಕರ ಅಷ್ಟು ಮಕ್ಕಳದ್ದು ಹಾಳ್ಮಾಡ್ಲಾ?"

ಮರಿವಿಕ್ ಆ ಪುಟ್ಟ ಕುರ್ಚಿಯಲ್ಲಿ ಎರಡು ದಿನ ಕೂತಳು, ಮೂರನೇ ದಿನ ಬರಲಿಲ್ಲ. ಹುಡುಕಿಕೊಂಡು ಹೋದಾಗ ತನ್ನ ಚಿಕ್ಕಮ್ಮನ ಅಂಗಳದಲ್ಲಿ ದಂಗ್ಗಿಟ್ ಮೀನು ಸೀಳಿ ಬಿಸಿಲಿಗೆ ಹರಡುತ್ತಿದ್ದಳು. ನಾನು ಗಂಭೀರವಾದ ಕ್ಷಮಾಪಣಾ ಭಾಷಣ ಸಿದ್ಧಪಡಿಸಿಕೊಂಡಿದ್ದೆ, ಅದು ಅರ್ಧಕ್ಕೇ ನಿಂತಿತು. ಅವಳು ಚಾಕು ಕೆಳಗಿಟ್ಟಳು.

"ಅದು ನೀನಾ ಮಾಡಿದ್ದು?" ಎಂದಳು. ಆಮೇಲೆ, "ನಾನು ನನ್ ತಲೇನೇ ಸರಿಯಿಲ್ಲ ಅಂದ್ಕೊಂಡಿದ್ದೆ ಕಣೋ. ನಂಗೆ ಓದೋಕೆ ಬರಲ್ಲ ಅನ್ನೋ ಆ ಕಚೇರಿಯವರ ಕಾಗದ ಮಾತ್ರ ಒಂದೇ ಸಲಕ್ಕೆ ಅರ್ಥ ಆಯ್ತು."

ಅವಳು ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಸೆಬು ಪಟ್ಟಣದಲ್ಲಿ ಯಾರದೋ ಮನೆಯ ಕೆಲಸಕ್ಕೆ ಅವಳನ್ನು ಗೊತ್ತು ಮಾಡಿದ್ದಾರೆ. ಶನಿವಾರ ಬೆಳಗಿನ ಹಡಗಿಗೆ ಹೊರಡಬೇಕು. ನಡೆದದ್ದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿ, ದಯವಿಟ್ಟು ಕಳಿಸಬೇಡಿ ಎಂದು ಬೇಡಿಕೊಂಡೆ. ಅವರು ಮೀನು ಮಗುಚುತ್ತಲೇ ಕೇಳಿಸಿಕೊಂಡರು. "ಹೋದ ವರ್ಷ ಸುನಾಮಿ ಬಂತು ಅಂತ ಸುಳ್ಳೇ ಕೂಗಿ ಊರನ್ನೇ ಗುಡ್ಡ ಹತ್ತಿಸಿದೋನು ನೀನು. ನಿನ್ ಮಾತು ಕಟ್ಕೊಂಡು ಅವಳನ್ನ ಇಟ್ಕೊಳ್ಲಾ? ಮೊಹರು ಹಾಕಿದ ಕಾಗದ ತಗೊಂಡ್ಬಾ, ನಿಲ್ಲಿಸ್ತೀನಿ."

ನ್ಯಾಯವಾದ ಮಾತು. ನನ್ನ ಬಳಿ ಮೊಹರಿಲ್ಲ, ತಮ್ಮ ಬಳಿ ಇದೆ. ನಮ್ಮ ನಲವತ್ತೆರಡು ಫಲಿತಾಂಶಗಳನ್ನೂ ರದ್ದುಮಾಡಿ, ನನ್ನನ್ನು ಶಾಲೆಯಿಂದ ಹೊರಗೆ ಹಾಕಬೇಕಿದ್ದರೆ ಹಾಕಿ. ಆದರೆ ಈ ಹುಡುಗಿಗೆ ಓದಲು ಬರುತ್ತದೆ ಎಂಬ ಒಂದು ಸಾಲು ಬರೆದು ಶುಕ್ರವಾರದೊಳಗೆ ನಮ್ಮ ದ್ವೀಪಕ್ಕೆ ತಲುಪಿಸಿ. ಇದರಲ್ಲಿ ತಮಾಷೆಯಿಲ್ಲ ಎಂದು ತಮ್ಮನ್ನು ನಂಬಿಸುವುದು ಹೇಗೆಂದು ಮಾತ್ರ ನನಗೆ ತಿಳಿಯುತ್ತಿಲ್ಲ.

ಇಂತಿ,
ತಮ್ಮಿಂದಲೇ 'ಉತ್ತಮ ಓದುಗ' ಎಂದು ಪ್ರಮಾಣಿತನಾದ
ಜುನ್ರೆಲ್ ದೆಸುಕತಾನ್