ನೀನೇ ಹಾಕಿಸಿದ ಪಂಪು

ತಿಪ್ಪೇಶಿ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ನೀನು ತಪ್ಪಾಯಿತೆಂದು ಬರೆಯುತ್ತೀಯ. ನನಗೆ ಅದು ಬೇಡ.

ಜಗಳೂರಿನ ಹೊರಗಿನ ನಮ್ಮ ಹತ್ತಿ ಫ್ಯಾಕ್ಟರಿ ಮುಚ್ಚಿ ವರ್ಷವಾಯಿತು. ಧಣಿ ಯಂತ್ರಗಳ ಜೊತೆ ನಿನ್ನನ್ನೂ ದಾವಣಗೆರೆಗೆ ಕರೆದೊಯ್ದ. "ಜಮಾಲ್, ಕಾಲೂರಿದ ಮೇಲೆ ನಿಮ್ಮನ್ನೆಲ್ಲ ಕರೆಸ್ಕೊಂತೀನಿ" ಅಂತ ಹೋಗುವಾಗ ನೀನು ಅಂದಿದ್ದೆ. ಶಿಫ್ಟು ಬಿಟ್ಟರೆ ಚಹಾದಂಗಡಿಯಲ್ಲಿ ನಿಲ್ಲಲು ಜಾಗವಿರದ ನಮ್ಮ ಬೀದಿಯಲ್ಲಿ ಈಗ ಅಂಗಡಿಯೇ ಇಲ್ಲ. ಹೋಗಲು ಬೇರೆ ಊರಿಲ್ಲದ ನಾವು ಕೆಲವರು ಮಾತ್ರ ಫ್ಯಾಕ್ಟರಿಯ ಕೂಲಿ ಲೈನಿನ ಮನೆಗಳಲ್ಲಿದ್ದೇವೆ.

ಇವತ್ತು ಧಣಿಯ ಆಳುಗಳು ನಮ್ಮ ಕೈಪಂಪು ಕೀಳಲು ಬಂದರು. ಯುದ್ಧದಿಂದ ಕಬ್ಬಿಣ ದುಬಾರಿಯಾಗಿದೆಯಂತೆ. ನನ್ನ ಹೆಂಡತಿ ಹಫೀಜಾ ಪಂಪನ್ನು ತಬ್ಬಿ ಕೂತುಬಿಟ್ಟಳು.

"ಮೊದ್ಲು ನನ್ನ ಕಿತ್ತಾಕ್ರಿ, ಆಮೇಲೆ ಇದನ್ನ ಕೀಳ್ರಿ" ಅಂದಳು.

"ನಮ್ಮ ಮ್ಯಾಲೆ ಯಾಕಮ್ಮ ಸಿಟ್ಟು? ಇಲ್ಲಿ ಪಂಪು ಐತೆ ಅನ್ನೋದೇ ಧಣಿಗೆ ಮರೆತೋಗಿತ್ತು. ನೆನಪು ಮಾಡಿದ್ದು ನಿಮ್ಮ ತಿಪ್ಪೇಶಪ್ಪಾರೇ" ಅಂದ ಒಬ್ಬ.

ಹಫೀಜಾ ನನ್ನ ಮುಖ ನೋಡಿದಳು. ಆಮೇಲೆ ಎದ್ದು ದಾರಿ ಬಿಟ್ಟಳು.

ಧಣಿ ಮರೆಯಬಹುದು. ನೀನು ಹೇಗೆ ಮರೆತೆಯೋ? ಕೆರೆ ನೀರು ಕುಡಿದು ನಿನ್ನ ಮಗಳು ಕಾಲರಾದಲ್ಲಿ ಹೋದಾಗ, ಧಣಿಯ ಬಾಗಿಲಲ್ಲಿ ಉಪವಾಸ ಕೂತು ಆ ಪಂಪು ಹಾಕಿಸಿದವನು ನೀನೇ ಅಲ್ಲವೇನೋ? ನಿನ್ನ ಪಕ್ಕದಲ್ಲಿ ನಾನೂ ಕೂತಿದ್ದೆ.

ಹಫೀಜಾ ಈಗ ಅದೇ ಕೆರೆಯಿಂದ ನೀರು ತಂದು ಒಲೆಯ ಮೇಲಿಟ್ಟಿದ್ದಾಳೆ. ಬಾಯಾರಿದ ಮಕ್ಕಳನ್ನು ಗದರಿಸುತ್ತ, ಅದು ಕುದಿಯುವುದನ್ನೇ ಕಾಯುತ್ತಿದ್ದಾಳೆ.