ಅಕ್ಕನ ಟಿ.ಸಿ.

2025 ಮಾರ್ಚ್ 3, ಸೋಮವಾರ. ಕುರುಗೋಡು. ಬೆಳಿಗ್ಗೆ 7

ಇವತ್ತೂ ನನಗೆ ಬಾಟ್ಲಿ ನೀರು, ಮನೆಯವರಿಗೆ ನಲ್ಲಿ ನೀರು. ಬೇಡವೆಂದರೂ ಅಕ್ಕ ಕೇಳಳು. ಇಂಗ್ಲೆಂಡಿನಿಂದ ಬಂದು ಹತ್ತು ದಿನ — ಇನ್ನೂ ನೆಂಟಳೇ. ಉಪ್ಪಿಟ್ಟು ಬಡಿಸುತ್ತಾ ಹೇಳಿದಳು, ಹಾಸ್ಟೆಲ್ ಅಡುಗೆಯವರ ಪಟ್ಟಿಯಲ್ಲಿ ಅವಳ ಹೆಸರು ಬಂದಿದೆಯಂತೆ. ಗಂಡ ಹೋದ ಮೇಲೆ ಆರು ವರ್ಷ ಬಿಸಿಲಲ್ಲಿ ಕೂಲಿ. ಇನ್ನು ನೆರಳಲ್ಲಿ ಕೆಲಸ. ತುಂಬ ಖುಷಿಯಾಯಿತು.

ಐದನೇ ತರಗತಿ ಪಾಸಾಗಿರಬೇಕು, ಶಾಲೆಯ ಟಿ.ಸಿ. ಕೊಡಬೇಕು ಅಂದಳು. ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆಯಲು ಎದ್ದೆ.

ಮಾರ್ಚ್ 4

ಬರೆದೇಬಿಡುತ್ತೇನೆ. ಮನೆಯಲ್ಲಿ ನಾನು ಮೇಘಾ. ಪಾಸ್‌ಪೋರ್ಟಿನಲ್ಲಿ ಪಂಪಾವತಿ — ಅಕ್ಕನ ಹೆಸರು. ವಸತಿ ಶಾಲೆಯ ಪರೀಕ್ಷೆ ಪಾಸಾದವಳು ಅವಳು. ಆದರೆ ಸಿರುಗುಪ್ಪದ ಕಡೆ ಬೀಜದ ಹತ್ತಿ ಹೊಲದಲ್ಲಿ ಹೂವಿಗೆ ಪರಾಗ ಹಚ್ಚಿ ಕ್ರಾಸ್ ಮಾಡಲು ಅವಳ ಕೈ ಚುರುಕು; ಅವಳು ಆ ಕೂಲಿಗೇ ಹೋದಳು. ಸೀಟು ಯಾಕೆ ಹಾಳಾಗಬೇಕೆಂದು, ನಾಲ್ಕನೇ ತರಗತಿಯಲ್ಲಿದ್ದ ನನ್ನನ್ನು ಅಪ್ಪ ಅವಳ ಟಿ.ಸಿ. ಕೊಟ್ಟು, ಅವಳ ಹೆಸರಲ್ಲೇ ಸೇರಿಸಿದ. ನರ್ಸಿಂಗ್, ವೀಸಾ, ಆ ದೇಶದ ಪೌರತ್ವ... ಎಲ್ಲ ಆ ಹೆಸರಿಗೇ ಬಂತು.

ಅಲ್ಲಿ ಕೂತು ನನ್ನ ಬದುಕನ್ನು ಇಂಗ್ಲಿಷ್ ಕಾದಂಬರಿ ಮಾಡುತ್ತಿದ್ದೇನೆ. ಮೊದಲ ಅಧ್ಯಾಯದಲ್ಲಿ ಪರೀಕ್ಷೆ ಪಾಸಾಗುವವಳು ನಾನೇ. ನಾಚಿಕೆಯಾಗುತ್ತದೆ.

ಮಾರ್ಚ್ 6. ಬಳ್ಳಾರಿ

ಸತ್ಯನಾರಾಯಣಪೇಟೆಯಲ್ಲಿ ವಕೀಲ ಸಂಗಮೇಶ್. ಫ್ಯಾನಿನ ಕೆಳಗೂ ಬೆವರು. ಹಾಸ್ಟೆಲ್ ಇಲಾಖೆಯಿಂದ ಅಕ್ಕನಿಗೆ ನೋಟಿಸ್ ಬಂದಿದೆ: ಶಾಲೆಯ ದಾಖಲೆಯಂತೆ ಪಂಪಾವತಿ ಎಂದೋ ಟಿ.ಸಿ. ಪಡೆದು ವಸತಿ ಶಾಲೆಗೆ ಹೋಗಿದ್ದಾಳೆ, ಹಾಗಾದರೆ ನೀವು ಯಾರು? ಹದಿಮೂರನೇ ತಾರೀಖಿನೊಳಗೆ ಹೇಳಿಕೆ ಕೊಡಬೇಕು.

"ದಾರಿ ಎರಡೇ ಅದಾವ್ರಿ ಮೇಡಂ. ನೀವು ಇದ್ದದ್ದು ಇದ್ದಂಗ ಬರದು ಸಹಿ ಮಾಡಿದ್ರ ಅಕ್ಕಾರಿಗೆ ಕೆಲಸ ಸಿಗತೈತಿ. ನಿಮ್ಮ ಪಾಸ್‌ಪೋರ್ಟ್, ನೌಕರಿ — ಅವು ಉಳಿತಾವು ಅಂತ ನಾ ಹೇಳಾಕಾಗಲ್ಲ. ಇಲ್ಲಾಂದ್ರ ಅಕ್ಕಾರು ತಾವ ಮೇಘಾ ಅಂತ ಬರಕೊಡಬೇಕು. ದಾಖಲೆದಾಗ ಮೇಘಾ ನಾಕನೇತ್ತಕ್ಕ ಸಾಲಿ ಬಿಟ್ಟಾಕಿ. ಕೆಲಸ ಹೋತು."

ಬಸ್ಸಿನಲ್ಲಿ ಅಕ್ಕ ಕೇಳಿದಳು. "ನಿನ್ನ ಮಗಳ ಸಾಲಿ ಅಲ್ಲೇ ಐತಲ್ಲ?"

"ಹೂಂ."

"ಮತ್ಯಾಕ ತಲಿ ಕೆಡಿಸ್ಕೋತಿ. ಬಿಡು."

ಇಬ್ಬರ ಟಿಕೆಟ್ಟಿನ ದುಡ್ಡೂ ನಾನೇ ಕೊಟ್ಟೆ.

ಮಾರ್ಚ್ 12

ಜ್ವರವೆಂದು ಹೊದ್ದು ಮಲಗಿದ್ದೆ. ಜ್ವರ ಇರಲಿಲ್ಲ, ನರ್ಸಿಗೆ ಅಷ್ಟು ಗೊತ್ತಾಗುತ್ತದೆ. ಅತ್ತ ದರಿ ಇತ್ತ ಪುಲಿ ಅಂದುಕೊಂಡೆ. ಅದೂ ಸುಳ್ಳು. ದರಿಗೆ ಬೀಳುವವಳು ಅಕ್ಕ ಒಬ್ಬಳೇ.

ನಾಳೆ ಸಹಿ ಮಾಡುತ್ತೇನೆ. ಖಂಡಿತ.

ಮಾರ್ಚ್ 13. ಮಧ್ಯಾಹ್ನ 1

ಎದ್ದಾಗ ಅಕ್ಕ ಇರಲಿಲ್ಲ. ಮೊದಲ ಬಸ್ಸಿಗೇ ಹೋಗಿದ್ದಳು. ಹಿಂದೆಯೇ ಓಡಿದೆ. ಹೇಳಿಕೆ ಆಗಲೇ ಸಲ್ಲಿಕೆಯಾಗಿತ್ತು; ಸಂಗಮೇಶ್ ನಕಲು ಪ್ರತಿ ಮುಂದಿಟ್ಟರು. 'ನಾನು ಮೇಘಾ, ತಂದೆ ಮಾರೆಣ್ಣ, ನಾಲ್ಕನೇ ತರಗತಿಯಲ್ಲಿ ಶಾಲೆ ಬಿಟ್ಟಿರುತ್ತೇನೆ.' ಕೆಳಗೆ ಮೊದಲು ಪಂಪಾವತಿ ಎಂದು ಸಹಿ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಮೇಘಾ. ಎಷ್ಟು ದುಂಡಗಿನ ಅಕ್ಷರ ಅವಳದು.

ನನಗೆ ಮೊದಲು ಆದದ್ದು ಸಮಾಧಾನ. ಅಳು ಆಮೇಲೆ ಬಂತು.

ಅಕ್ಕ ಹೊರಗೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದಳು. "ಕೂಲಿಗೆ ಹೋಗಾಕ ಯಾರು ಟಿ.ಸಿ. ಕೇಳ್ತಾರ. ರೊಟ್ಟಿ ತಿನ್ನು ಬಾ."

ತಿಂದೆ.

ಮಾರ್ಚ್ 15. ಹೈದರಾಬಾದ್ ಏರ್‌ಪೋರ್ಟ್

ಕೌಂಟರಿನವಳು "ಪಂಪಾವತಿ ಮೇಡಂ" ಎಂದು ಕರೆದಳು. ಅಭ್ಯಾಸಬಲ — ತಿರುಗಿದೆ.

ಲ್ಯಾಪ್‌ಟಾಪಿನಲ್ಲಿ ಕಾದಂಬರಿ ತೆರೆದೆ. ಮೊದಲ ಅಧ್ಯಾಯ. 'ನಾನು' ಎಂದಿರುವಲ್ಲೆಲ್ಲ 'ಅಕ್ಕ' ಎಂದು ಮಾಡಬೇಕೆಂದು ಕೂತೆ. ಮಾಡಿದರೆ ಅದೇ ನನ್ನ ವಿರುದ್ಧ ಸಾಕ್ಷಿ. ಹಾಗೇ ಬಿಟ್ಟೆ. ಇರಲಿ... ಹುಡುಗಿ ಪರೀಕ್ಷೆ ಬರೆಯುತ್ತಾಳೆ. ಪಾಸಾಗುತ್ತಾಳೆ. ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರು...